ಬ್ರೌನ್ ಬೆಲ್ಟೂ ಅಂಜಲಿನ ತಲೆಯೂ

“ಕಾಣ್ ಲತಾ, ಆ ಪ್ರೇಮಾನಂದನ ಹೊಟ್ಟಿ ವರ್ಣನಿ ಇವತ್ತಿಗೆ ಸಾಕ್ ಮಾಡ್! ನಾನೆಂತ ಹುಟ್ಟುವತಿಗೇ ಟೆಂಪೋ ಸ್ಟೇರಿಂಗ್ ಹಿಡ್ಕಂಡ್ ಹುಟ್ಟಿದ್ನಾ? ಬೊಂಬಾಯಂಗೆ ಇಪ್ಪತಿಗೆ ಹೋಟ್ಲ್ ತಾರಸಿ ಮೇಲೆ ನಾನ್ ಒಂದ್ ಕಾಲ್ ಎತ್ತಿರೆ ಸಾಕ್, ಎದ್ರ್ ಬಿಲ್ಡಿಂಗಿನವ್ರೆಲ್ಲ ಕಿಟ್ಕಿ ತೆಗ್ದ್ ಕಾಂತಿದ್ರ್. ಬ್ರೌನ್ ಬೆಲ್ಟ್ ಮಾರಾಯ್ತಿ, ಬ್ರೌನ್ ಬೆಲ್ಟ್! ಇನ್ನೊಂದ್ ಮೆಟ್ಲ್ ಹತ್ತಿರೆ ಬ್ಲ್ಯಾಕ್. ಅಷ್ಟೊತ್ತಿಗೆ ನಿನ್ನ ಅಪ್ಪಯ್ಯ ಜಾತ್ಕ ಕಳ್ಸ್ರ್. ನಾನ್ ಊರಿಗ್ ಬಂದೆ, ನೀ ಬಡ್ಸ್ದೆ, ನಾನ್ ತಿಂದೆ, ಹೊಟ್ಟಿ ಬಂತ್. ಇದ್ರಂಗೆ ನನ್ ತಪ್ಪ್ ಎಲ್ಲಿತ್? ಬಪ್ಪ ಆಯ್ತವಾರ ನಾನೂ ಕ್ಲಾಸಿಗ್ ಹೋತೆ. ಆ ಹೊಟ್ಟಿ ಇಲ್ದಿದ್ದವ್ನ ಎದ್ರೇ ನಿಂತ್ ಕಾಲ್ ಎತ್ತಿ ತೋರಿಸ್ತೆ. ಆಮೇಲೆ ಯಾರ್ ಹೊಟ್ಟಿ ಬಗ್ಗೆ ಮಾತಾಡ್ತಿ ಕಾಂಬ!”

ಯಡ್ತರೆಯ ಸುಧೀರ ಈ ಘೋರ ಪ್ರತಿಜ್ಞೆ ಮಾಡಿದ್ದು ಯಾವ ರಣರಂಗದಲ್ಲೂ ಅಲ್ಲ, ತನ್ನ ಮನೆಯ ಹಿತ್ತಲಲ್ಲಿ. ಕಾಲಡಿಗೆ ಮೆಟ್ಟುಕತ್ತಿ, ಕೈಯಲ್ಲಿ ಅರ್ಧ ಕೊಯ್ದ ಬಂಗುಡೆ!

ಸುಧೀರ ಗಂಗೊಳ್ಳಿ ಬಂದರಿನಿಂದ ಬೈಂದೂರಿಗೆ ಮೀನಿನ ಟೆಂಪೋ ಓಡಿಸುವವನು. ಪ್ರಾಯದಲ್ಲಿ ಬೊಂಬಾಯಿಯ ಹೋಟೆಲೊಂದರಲ್ಲಿ ಹಗಲೆಲ್ಲ ಮೀನು ಕೊಯ್ದು, ಸಂಜೆ ಕರಾಟೆ ಕಲಿತಿದ್ದ. ಊರಿಗೆ ಬಂದ ಮೇಲೆ ಕರಾಟೆಯ ಕಥೆಯನ್ನು ಕಂಡ ಕಂಡವರಿಗೆಲ್ಲ ಹೇಳಿದ. ಮೀನು ಕೊಯ್ದ ಕಥೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಮೀನು ಕೊಯ್ಯುವುದು ಇಂದಿಗೂ ಅವನೇ. ಹೆಂಡತಿ ಸ್ವರ್ಣಲತಾ ಬೆಳಗಾದರೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವವಳು. ಅವಳ ಕೈಗೆ ಮೀನಿನ ವಾಸನೆ ಹತ್ತಿದರೆ ಊರ ಹೆಂಗಸರ ರವಿಕೆಗೆಲ್ಲ ಹತ್ತುತ್ತದೆ. ಆದರೆ ಬ್ರೌನ್ ಬೆಲ್ಟಿನವನು ಮೀನು ಕೊಯ್ಯುವುದನ್ನು ಊರು ಕಂಡರೆ ಮಾನ ಉಳಿದೀತೇ? ಅದಕ್ಕೇ ಹಿತ್ತಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮರೆ ಮಾಡಿಕೊಂಡಿದ್ದ.

ಪ್ರೇಮಾನಂದ ಎಂದರೆ ಮಗಳು ದೀಕ್ಷಿತಾಳ ಕರಾಟೆ ಮಾಸ್ತರು. ಸುಧೀರನದೇ ಪ್ರಾಯ. ಹೊಟ್ಟೆ ಮಾತ್ರ ಇಸ್ತ್ರಿ ಹಾಕಿದಂತೆ! ಮಗಳನ್ನು ಕ್ಲಾಸಿಗೆ ಬಿಟ್ಟು ಬಂದಾಗಲೆಲ್ಲ ಸ್ವರ್ಣಲತಾಳದು ಒಂದೇ ಹಾಡು: “ಹ್ವಾಯ್, ಆ ಸರ್ ಎಷ್ಟ್ ಎತ್ರ ಹಾರ್ತ್ರ್ ಗೊತ್ತಿತ್ತಾ? ನೀವ್ ಟೆಂಪೋದಿಂದ ಇಳೂಕೂ ಬಾಗ್ಲ್ ಹಿಡ್ಕಂತ್ರಿ!”

ಇದನ್ನಾದರೂ ಸುಧೀರ ಸಹಿಸಿಯಾನು. ಸಹಿಸಲಾಗದ ಮಾತು ಮೊನ್ನೆ ಬಂತು: “ಅಂಜಲ್ ಮಾಡಿದ್ ದಿನ ಆ ಸರಿನ ಒಂದ್ಸಲ ಊಟಕ್ಕೆ ಕರೀಕ್.”

ಆ ಮನೆಯಲ್ಲಿ ಅಂಜಲಿನ ಸಾರು ಕುದಿದ ದಿನ ಮೀನಿನ ತಲೆ ಹೋಗುವುದು ಯಜಮಾನನ ತಟ್ಟೆಗೆ. ಅವನ ಅಪ್ಪನ ಕಾಲದಿಂದ ನಡೆದು ಬಂದ ಪಟ್ಟ ಅದು! ಆ ಇಸ್ತ್ರಿ ಹೊಟ್ಟೆಯವನು ಬಂದು ಪಕ್ಕದಲ್ಲಿ ಕೂತರೆ ತಲೆ ಯಾರ ತಟ್ಟೆಗೆ? ಕರಾಟೆ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಆಯ್ತವಾರ ಟ್ರಂಕಿನಿಂದ ಹಳೆಯ ಬಿಳಿ ಡ್ರೆಸ್ ಹೊರಬಂತು. ಪ್ಯಾಂಟು ಮೊಣಕಾಲಿನಿಂದ ಸ್ವಲ್ಪ ಕೆಳಗಿಳಿದು ಅಲ್ಲೇ ನಿಂತಿತು. ಬೆಲ್ಟು ಎಲ್ಲಿ? ಹುಡುಕಿದರೆ ಟೆಂಪೋದ ಮೀನಿನ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹಾಯಾಗಿತ್ತು! ಒಗೆದರೂ ವಾಸನೆ ಹೋಗಲಿಲ್ಲ. ಸುಧೀರ ಕ್ಲಾಸ್ ನಡೆಯುವ ಶಾಲೆಯ ಸಭಾಂಗಣದಲ್ಲಿ ಮಕ್ಕಳ ಸಾಲಿನ ಹಿಂದೆ ನಿಂತ; ಶಾಲೆಯ ಬೆಕ್ಕುಗಳು ಸುಧೀರನ ಹಿಂದೆ ನಿಂತವು.

“ಸುಧೀರಣ್ಣ, ನಿಧಾನ. ಸುಮಾರ್ ವರ್ಷ ಆಯ್ತಲ್ದಾ?” ಎಂದ ಪ್ರೇಮಾನಂದ.

“ಈಜುಕೆ ಕಲ್ತವ ಮರೀತ್ನಾ ಮಾರ್ರೆ?” ಎಂದು ಸುಧೀರ ಕಾಲೆತ್ತಿದ.

ಟರ್ರೆಂದಿತು. ಹರಿದದ್ದು ಪ್ಯಾಂಟೋ ತೊಡೆಯೋ ಎಂದು ಮುಟ್ಟಿ ನೋಡಿಕೊಂಡ. ಎರಡೂ!

ಮನೆಯಲ್ಲಿ ಹೇಳುವುದುಂಟೇ? ಮಗಳ ಬಾಯನ್ನು ದಾರಿಯಲ್ಲೇ ಐಸ್‌ಕ್ರೀಮು ಕೊಡಿಸಿ ಮುಚ್ಚಿಸಿದ್ದ. ಕುಂಟುತ್ತ ಬಂದವನನ್ನು ಸ್ವರ್ಣಲತಾ ಕೇಳಿದಳು: “ಎಂತ ಆಯ್ತ್?”

“ಎಂತದಿಲ್ಲೆ. ಟೆಂಪೋದ್ ಕ್ಲಚ್ ಗಟ್ಟಿ.”

“ಕ್ಲಚ್ ಎಡಗಾಲಿಗಲ್ದಾ? ನೀವ್ ಕುಂಟುದ್ ಬಲಗಾಲ್!”

ಸುಧೀರ ಆ ಕ್ಷಣದಿಂದ ಎಡಗಾಲಿನಲ್ಲಿ ಕುಂಟತೊಡಗಿದ. ನೋವಿರುವ ಕಾಲಿನ ಮೇಲೆ ಭಾರ ಹಾಕಿ ನೋವಿಲ್ಲದ ಕಾಲಿನಲ್ಲಿ ಒಂದು ವಾರ ಕುಂಟಿದವನ ಸೊಂಟ ಎಷ್ಟು ದಿನ ತಡೆದೀತು?

ಮುಂದಿನ ಆಯ್ತವಾರ ಬೆಳಿಗ್ಗೆ ತಾನೇ ಆರಿಸಿ ತಂದ ಅಂಜಲನ್ನು ತಾನೇ ಕೊಯ್ದ. ತಲೆಯನ್ನು ಪ್ರೀತಿಯಿಂದ ಬೇರೆ ಪಾತ್ರೆಯಲ್ಲಿಟ್ಟು, “ಬಂದ್ ತಿಂತೆ” ಎಂದು ಹೆಂಡತಿಗೆ ಹೇಳಿ ಕ್ಲಾಸಿಗೆ ಹೊರಟ. ಕ್ಲಾಸ್ ಶುರುವಾಗುವುದು ಮಾಸ್ತರಿಗೆ ಬಗ್ಗಿ ನಮಸ್ಕಾರ ಮಾಡುವುದರಿಂದ. ಸುಧೀರ ಬಗ್ಗಿದ. ಏಳಲಿಲ್ಲ!

ಎಂಥ ಗುರುಭಕ್ತಿ ಎಂದು ಪ್ರೇಮಾನಂದ ತಾನೂ ಇನ್ನೊಮ್ಮೆ ಬಗ್ಗಿದ. ಮಾಸ್ತರು ಬಗ್ಗಿದರಲ್ಲ ಎಂದು ಮಕ್ಕಳೆಲ್ಲ ಮತ್ತೆ ಬಗ್ಗಿದರು. ಎಲ್ಲರೂ ಎದ್ದರು. ಸುಧೀರ ತನ್ನ ವೈರಿಯ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಹಾಗೇ ನಿಂತಿದ್ದ.

“ಅಪ್ಪಯ್ಯಾ, ಸಾಕ್, ಏಳಿ!” ಎಂದಳು ದೀಕ್ಷಿತಾ ನಾಚಿಕೆಯಿಂದ.

“ಮಗಾ, ಏಳುಕಾತಿಲ್ಲೆ...”

ಅವನನ್ನು ಮನೆಗೆ ಮುಟ್ಟಿಸಿದ್ದು ಯಾರ ಸ್ಕೂಟರ್ ಎಂದು ಬೇರೆ ಹೇಳಬೇಕೇ? “ಗಟ್ಟಿ ಹಿಡ್ಕಣಿ ಸುಧೀರಣ್ಣ” ಎಂದ ಪ್ರೇಮಾನಂದ. ಹಿಡಿಯಲು ಇದ್ದದ್ದು ಆ ಹೊಟ್ಟೆಯೊಂದೇ! ಹೊಂಡ ಬಂದಾಗಲೆಲ್ಲ ಸುಧೀರ ಅದನ್ನು ಅಪ್ಪಿಕೊಂಡ. ಹಲಗೆಯಂತೆ ಗಟ್ಟಿಯಿತ್ತು. ಹೆಂಡತಿ ಹೇಳಿದ್ದು ಸುಳ್ಳಲ್ಲ ಎಂಬುದು ಸೊಂಟಕ್ಕಿಂತ ಹೆಚ್ಚು ನೋಯಿತು.

ಬಾಗಿಲಲ್ಲೇ ಸ್ವರ್ಣಲತಾ ಹೇಳಿದಳು: “ಸರ್, ಉಂಡ್ಕಂಡೇ ಹೋಯ್ಕ್. ಅಂಜಲ್ ಸಾರಿತ್.”

ಸುಧೀರನಿಗೆ ದಿಂಬು ಕೊಟ್ಟು ಗೋಡೆಗೆ ಒರಗಿಸಿದರು. ಕುಚ್ಚಲಕ್ಕಿ ಅನ್ನ ಬಂತು. ಸಾರು ಬಂತು. ಸೌಟಿನಲ್ಲಿ ತೇಲುತ್ತ ತಲೆ ಬಂತು. ಸುಧೀರನ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮುಂದಕ್ಕೆ ಹೋಗಿ ಪ್ರೇಮಾನಂದನ ತಟ್ಟೆಗೆ ಇಳಿಯಿತು! ಸುಧೀರನಿಗೆ ಬಾಲ.

“ಲತಾ...” ಎಂದ ಸುಧೀರ, ಹೊರಟ ಜೀವದ ದನಿಯಲ್ಲಿ.

“ಎಂತ? ಮನಿಗ್ ಬಂದವ್ರಿಗೆ ಬಾಲ ಹಾಕಿ ನಾವ್ ತಲಿ ತಿಂಬುದಾ?”

ಪ್ರೇಮಾನಂದ ಮಾತ್ರ ತಲೆಗೆ ಕೈಹಚ್ಚದೆ ಅದನ್ನೇ ನೋಡುತ್ತ ಕೂತಿದ್ದ. “ಕೊಯ್ದದ್ ಎಷ್ಟ್ ಚಂದ ಇತ್! ಇದ್ ನಿಮ್ದೇ ಕೈಯಲ್ದಾ ಸುಧೀರಣ್ಣ?”

ಸುಧೀರನ ಗಂಟಲಿಗೆ ಮುಳ್ಳು ಸಿಕ್ಕಿತು. “ನಿಮ್ಗ್ ಯಾರ್ ಹೇಳ್ದ್ರ್?”

“ನನ್ ಹೆಂಡ್ತಿ ಗಿರಿಜಾ. ರವ್ಕಿ ಹೊಲ್ಸುಕೆ ಬಂದವ್ಳ್ ತಟ್ಟಿ ಸಂದಿಂದ ನೀವ್ ಮೀನ್ ಕೊಯ್ವುದ್ ಕಂಡ್ಳಂಬ್ರ್. ಅಲ್ಲಿಂದ ನಮ್ಮನಿಯಂಗೆ ದಿನಾ ನಿಮ್ದೇ ಭಜನಿ! ‘ಗಾಳಿಗ್ ಒದೂಕೆ ಯಾರಿಗೂ ಬತ್ತ್, ಆ ಸುಧೀರಣ್ಣನ ಕಂಡ್ ಕಲೀನಿ, ಹೆಂಡ್ತಿಗ್ ಮೀನ್ ಕೊಯ್ದ್ ಕೊಡ್ತ್ರ್’ ಅಂತ್ಳ್. ಬೇಜಾರ್ ಮಾಡ್ಕಣಬೇಡಿ, ನಿಮ್ ಹೆಸ್ರ್ ಕೇಂಡ್ರೆ ನಂಗೆ ಹೊಟ್ಟಿ ಉರೀತಿತ್!”

ಆ ಇಸ್ತ್ರಿ ಹೊಟ್ಟೆಗೆ ತಾನು ಬೆಂಕಿ ಹಾಕಿದ್ದೇನೆ! ಸುಧೀರನ ಸೊಂಟ ಅರ್ಧ ನೆಟ್ಟಗಾಯಿತು. ಬಾಲವೂ ರುಚಿಯೆನಿಸಿತು. “ಅಷ್ಟೇ ಅಲ್ದಾ? ನಾಳೆ ಬೆಳಿಗ್ಗೆ ಬನ್ನಿ. ನಾನ್ ಕಲಿಸ್ತೆ!” ಎಂದ ಉದಾರವಾಗಿ.

ಮರುದಿನ ಪ್ರೇಮಾನಂದ ಬಂಗುಡೆ ತುಂಬಿದ ಚೀಲ ಹಿಡಿದು ಬಂದೇಬಿಟ್ಟ. ಸುಧೀರ ಹಿತ್ತಲಲ್ಲಿ ಕುರ್ಚಿಯ ಮೇಲೆ, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಗುರುಪೀಠದಲ್ಲಿ ಕೂತಂತೆ ಕೂತಿದ್ದ. ಪ್ರೇಮಾನಂದ ಬಗ್ಗಿ ನಮಸ್ಕಾರ ಮಾಡಿ, ಒಂದೇ ಏಟಿಗೆ ಕುಕ್ಕರಗಾಲಲ್ಲಿ ಕೂತು ಮೆಟ್ಟುಕತ್ತಿ ಮೆಟ್ಟಿದ. ಮೊದಲ ಬಂಗುಡೆ ಚಿಂದಿಯಾಯಿತು. ಸುಧೀರ ನಕ್ಕ. ಎರಡನೆಯದು ಪರವಾಗಿಲ್ಲ. ಅಲ್ಲಿಂದ ಮುಂದೆ ಸುಧೀರನ ನಗು ಸಣ್ಣದಾಗುತ್ತ ಹೋಯಿತು.

ಹೊಲಿಗೆ ಮೆಷಿನ್ ನಿಂತಿತು. ಸ್ವರ್ಣಲತಾ ಬಂದು ತಟ್ಟೆ ನೋಡಿದಳು.

“ಹ್ವಾಯ್, ಸರ್ ಕೊಯ್ದದ್ ಕಾಣಿ! ತುಂಡೆಲ್ಲ ಒಂದೇ ಅಳ್ತಿ. ನೆಲವೂ ಚೊಕ್ಕ! ನೀವ್ ಕೊಯ್ದ್ರೆ ಮೀನಿನ ಪೊರೆ ಗೋಡಿವರಿಗೂ ಹಾರತ್ತ್.”

ಬಿಸಿನೀರಿನ ಚೀಲ ನೆಲಕ್ಕೆ ಬಿತ್ತು. “ಸರ್, ನೀವ್ ಏಳಿ” ಎಂದು ಸುಧೀರ ಗೋಡೆ ಹಿಡಿದು, ಅಯ್ಯಯ್ಯೋ ಎನ್ನುತ್ತ ಕುರ್ಚಿಯಿಂದ ಜಾರಿ ಮೆಟ್ಟುಕತ್ತಿಯ ಮುಂದೆ ಬಂದು ಕೂತ.

“ಕೂತ್ರಿ ಸರಿ, ಮತ್ತೆ ಏಳುದ್ ಹ್ಯಾಂಗೆ?” ಎಂದಳು ಸ್ವರ್ಣಲತಾ.

“ಅದ್ ಆಮೇಲೆ ಕಾಂಬ. ಆ ಬಂಗುಡೆ ಇಲ್ಲಿ ಕೊಡ್.”

ಅವಳು ಕೊಟ್ಟಳು. ಸುಧೀರ ಹಲ್ಲು ಕಚ್ಚಿಕೊಂಡು, ಪೊರೆ ಗೋಡೆಗೆ ಹಾರದಂತೆ, ಮೆಲ್ಲಗೆ ಕೊಯ್ಯತೊಡಗಿದ.