ತಪಾಸಣೆಗೂ ಕುಂಕುಮ ಹಚ್ಚಿ ಕರೆದವಳು

ನಮ್ಮ ಮನೆತನದಲ್ಲಿ ಯಾರಿಗೆ ಏನೇ ಬರಲಿ, ಅದು ತನ್ನ ಅಪ್ಪನಿಂದಲೇ ಬಂದದ್ದು ಎಂದು ಹಳಿಯಾಳದ ನನ್ನ ಸೋದರತ್ತೆ ಜಗಳಕ್ಕೇ ನಿಲ್ಲುತ್ತಾಳೆ! ನನ್ನ ಮಗಳು ಗಣಿತದಲ್ಲಿ ಮೊದಲು ಬಂದಳೇ? ಅಜ್ಜನ ತಲೆ! ದಾಂಡೇಲಿಯ ನಮ್ಮ ಓಣಿ ನನ್ನ ಬಾಯಿಗೆ ಹೆದರುತ್ತದೆಯೇ? ಅಜ್ಜನ ಗಂಟಲು! ನನ್ನ ಗಂಡನಿಗೆ ಬಡ್ತಿ ಸಿಕ್ಕಾಗಲೂ ಅಜ್ಜನ ಹೆಸರೆತ್ತಿದಳು. ಅವರು ಬೇರೆ ಮನೆತನದವರೆಂದು ನಾವೇ ನೆನಪಿಸಬೇಕಾಯಿತು.

ಹೋದ ವರ್ಷ ಅವಳಿಗೆ ಸ್ತನ ಕ್ಯಾನ್ಸರ್ ಆಯಿತು. ಹುಬ್ಬಳ್ಳಿಯ ಡಾಕ್ಟರು ತಾಳ್ಮೆಯಿಂದ ಹೇಳಿದರು: "ರಕ್ತದಾಗ ಕಾವಲು ಕಾಯೋ ಕೋಶ ಇರ್ತಾವ್ರಿ. ಕ್ಯಾನ್ಸರ್ ಗುರುತು ಹಿಡಿದು ಹೊಡೀತಾವ. ಕೆಲವು ಮನೆತನದಾಗ ಹುಟ್ಟಿನಿಂದ ಬಂದ ಸಣ್ಣ ವ್ಯತ್ಯಾಸಕ್ಕ ಅವು ಮಂದ ಇರ್ತಾವ. ಅದಕ್ಕ ಅಪಾಯ ಸ್ವಲ್ಪ ಜಾಸ್ತಿ."

ಬೇರೆಯವರಾಗಿದ್ದರೆ ಕುಸಿದುಬಿಡುತ್ತಿದ್ದರು. ಇವಳು ನೆಟ್ಟಗೆ ಕೂತಳು. "ನಮ್ಮಪ್ಪಂದ ಬಿಡ್ರಿ! ಹಂದಿ ಬರದಂಗ ಹೊಲಾ ಕಾಯಾಕ ಹೋಗಿ ಗೊರಕಿ ಹೊಡೀತಿದ್ದ!"

ಮನೆತನದ ಹೆಣ್ಣುಮಕ್ಕಳೆಲ್ಲ ತಪಾಸಣೆ ಮಾಡಿಸಿಕೊಳ್ಳಲಿ ಎಂದರು ಡಾಕ್ಟರು. ಫೋನಿನಲ್ಲಿ ಕರೆದರೆ ಅದೂ ಒಂದು ಕರೆಯೇ? ಚಿಕಿತ್ಸೆ ಮುಗಿದದ್ದೇ ತಡ, ಕುಂಕುಮದ ಭರಣಿ ಹಿಡಿದು ಹಳಿಯಾಳ, ಮುಂಡಗೋಡದ ಹಳ್ಳಿಹಳ್ಳಿಗೂ ಬಸ್ಸು ಹತ್ತಿದಳು. ಹಣೆಗೆ ಕುಂಕುಮ ಹಚ್ಚುವುದು, "ಸೋಮವಾರ ಹುಬ್ಬಳ್ಳಿ ಸ್ಟ್ಯಾಂಡಿಗೆ ಬರ್ರಿ, ತಪ್ಪಿಸಬ್ಯಾಡ್ರಿ" ಎನ್ನುವುದು, ಏಕೆಂದು ಕೇಳುವಷ್ಟರಲ್ಲಿ ಮುಂದಿನ ಮನೆ!

ಕುಂಕುಮ ಹಚ್ಚಿ ಕರೆದ ಮೇಲೆ ಮದುವೆಯಲ್ಲದೆ ಇನ್ನೇನು? ಎಲ್ಲರೂ ಇಳಕಲ್ ಸೀರೆ ಉಟ್ಟು, ಉಡುಗೊರೆಗೆ ರವಿಕೆ ಕಣ ಹಿಡಿದು ಬಂದಿಳಿದರು. ಅತ್ತೆ ಸೀದಾ ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಮುಂಡಗೋಡದ ಚಿಕ್ಕವ್ವ ಗಾಬರಿಯಾಗಿ, "ಮದುಮಗಳು ಎಲ್ಲದಾಳ?" ಎಂದಳು.

"ನೀನ ಮದುಮಗಳು, ನಡಿ ಒಳಗ!"

ನಾನೂ ಸೇರಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಕಣಗಳೆಲ್ಲ ನರ್ಸುಗಳ ಪಾಲಾದವು. ಇಂಥ ಅತ್ತೆ ಬೇರೆ ಯಾರಿಗಿದ್ದಾಳೆ, ಹೇಳಿ!

ಎದೆಯಲ್ಲಿ ಗಂಟು ಸಿಕ್ಕಿದ್ದು ನನಗೊಬ್ಬಳಿಗೇ, ಹೆಸರುಕಾಳಿನಷ್ಟು. ಮುಂದಿನ ಪರೀಕ್ಷೆಯಲ್ಲಿ ಅದೇ ರೋಗವೆಂದು ಖಚಿತವಾಯಿತು. ಬೇಗ ಸಿಕ್ಕಿದೆ, ವಾಸಿಯಾಗುತ್ತದೆ ಎಂದರು ಡಾಕ್ಟರು. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು, "ಅತ್ತಿ, ನನಗ ಭಾಳ ಅಂಜಿಕಿ ಬರಾಕತ್ತೈತಿ" ಎಂದು ಮಗುವಿನ ಹಾಗೆ ಅಳತೊಡಗಿದೆ.

ಅತ್ತೆ ಪಕ್ಕಕ್ಕೆ ಬಂದು ಕೂತಳು. ಔಷಧಿಗೆ ಕೂದಲು ಉದುರಿದಂದಿನಿಂದ ಯಾರೆದುರೂ ಸರಿಸದ ಸೆರಗನ್ನು, ಅಷ್ಟೊಂದು ಜನರ ನಡುವೆ ತಲೆಯಿಂದ ಕೆಳಗಿಳಿಸಿದಳು. ನನ್ನ ಕೈ ಹಿಡಿದು ನೆತ್ತಿಯ ಮೇಲಿಟ್ಟುಕೊಂಡಳು.

"ಮುಟ್ಟಿ ನೋಡವಾ. ಹೊಸಾವು ಬರಾಕತ್ತಾವ."

ಹಸುಗೂಸಿನ ಕೂದಲಷ್ಟು ಮೆತ್ತಗಿದ್ದವು.