ಕಮಲಾಪುರಕ್ಕೆ ಮೂರು ಎಣ್ಣೆ

ಲಾರಿ ಡ್ರೈವರ್ ಸೂಗಪ್ಪನ ಕ್ಲೀನರ್ ಸ್ವಂತ ಆಟೊ ಕೊಂಡು ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ನೆಲೆನಿಂತದ್ದೇ ಎಲ್ಲಕ್ಕೂ ಮೂಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿಕೊಂಡು ನಾಗಪುರದವರೆಗೆ ಒಬ್ಬನೇ ಹೋಗಿ ಒಬ್ಬನೇ ಬರುವ ಮನುಷ್ಯ ಎಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಾನು? ಮೊದಮೊದಲು ಹಾಡಿಕೊಂಡ. ಆಮೇಲೆ ಲಾರಿಯನ್ನೇ ಮಾತಾಡಿಸಿದ. ಅದು ಗುರುಗುಟ್ಟುವುದನ್ನು ಬಿಟ್ಟು ಬೇರೆ ಉತ್ತರ ಕೊಡಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಊರಿಗೆ ಬಂದರೂ ಬಾಡಿಗೆ ಕೋಣೆಯ ಬೀಗ ತೆಗೆಯಲು ಅವನೇ ಬೇಕು.

ಆಗಲೇ ಎಂಜಿನಿಯರಿಂಗ್ ಕಾಲೇಜಿನ ಜೋಶಿ ಮಾಸ್ತರರು ದೂರದೂರಿಗೆ ಓಡುವ ಲಾರಿಯೊಂದನ್ನು ಹುಡುಕಿಕೊಂಡು ಬಂದರು. ಡೀಸೆಲ್ಲು, ಹೊಂಗೆ ಎಣ್ಣೆಯಿಂದ ಮಾಡಿದ ಇಂಧನ, ಭಜಿ ಕರಿದು ಉಳಿದ ಎಣ್ಣೆಯಿಂದ ಮಾಡಿದ ಇಂಧನ, ಇವನ್ನು ಒಂದೊಂದಾಗಿ ಹಾಕಿ ಒಂದೇ ದಿನ ಹತ್ತಿರದ ಕಮಲಾಪುರಕ್ಕೆ ಮೂರು ಸಲ ಹೋಗಿಬರಬೇಕು. ಯಾವುದು ಕಡಿಮೆ ಖರ್ಚಾಗಿ ಕಡಿಮೆ ಹೊಗೆ ಬಿಡುತ್ತದೆಂದು ನೋಡಬೇಕು. ಉಳಿದ ಡ್ರೈವರುಗಳು ಎಂಜಿನ್ ಕೆಟ್ಟೀತೆಂದು ಹಿಂದೆ ಸರಿದರು. ಮಾಸ್ತರರು ಕ್ಯಾಬಿನ್ನಿನಲ್ಲೇ ಕೂತು ಬರುತ್ತಾರೆಂದು ತಿಳಿದದ್ದೇ ತಡ, ಸೂಗಪ್ಪ ಬಾಡಿಗೆಯ ಮಾತೂ ಎತ್ತದೆ ಒಪ್ಪಿದ.

ಬೆಳಿಗ್ಗೆ ಡೀಸೆಲ್ಲಿನ ಸರದಿ. ದಾರಿಯಲ್ಲಿ ಮಾಸ್ತರರು ತಿಳಿಸಿ ಹೇಳಿದರು.

"ಡೀಸೆಲ್ ಅಂದ್ರ ನೆಲದಾಗ ಹುಗಿದಿದ್ದ ಇಂಗಾಲ, ಸೂಗಪ್ಪ. ಅದನ್ನ ಸುಟ್ಟು ಸುಟ್ಟು ಭೂಮಿ ಕಾಯಲಿಕ್ಕತ್ತದ. ಹೊಂಗೆ ಗಿಡ ಹವಾದಾಗಿಂದ ತಗೊಂಡಿದ್ದನ್ನೇ ವಾಪಸ್ ಕೊಡ್ತದ."

"ನಮ್ಮ ಕಲಬುರಗಿ ಕಾಯೂದು ಇನ್ನೂ ಉಳದದೇನ್ರೀ ಸರ್?"

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ತನ್ನ ಮಾತಿಗೆ ಒಬ್ಬರು ನಕ್ಕು ಎಷ್ಟು ಕಾಲವಾಗಿತ್ತೋ! ಸೂಗಪ್ಪನ ಕಣ್ಣು ತೇವವಾದವು. ಧೂಳೆಂದು ಹೇಳಿ ಒರೆಸಿಕೊಂಡ.

ಎರಡನೆಯ ಸಲ ಹೊಂಗೆ. ಕಮಲಾಪುರ ಮುಟ್ಟುವಷ್ಟರಲ್ಲೇ ಅದು ಗೆಲ್ಲುವುದು ಕಾಣುತ್ತಿತ್ತು. ಹೀಗೇ ಆದರೆ ಇವತ್ತಿಗೇ ಕೆಲಸ ಮುಗಿಯಿತು, ಮೂರೂ ಸಮವಾದರೆ ಮಾತ್ರ ತಿಂಗಳುಗಟ್ಟಲೆ ಓಡಬೇಕಾಗುತ್ತದೆ ಎಂದು ಮಾಸ್ತರರು ಖುಷಿಯಿಂದ ಹೇಳಿದರು. ಇವತ್ತಿಗೇ ಮುಗಿದರೆ ನಾಳೆಯಿಂದ ಮತ್ತೆ ಒಬ್ಬನೇ ಎಂದು ಸೂಗಪ್ಪ ಲೆಕ್ಕ ಹಾಕಿದ. ವಾಪಸಾಗುವಾಗ ಸಣ್ಣ ಗೇರಿನಲ್ಲೇ ಲಾರಿಯನ್ನು ನರಳಿಸಿದ, ಕಂಡ ಕಂಡ ಆಡಿಗೆಲ್ಲ ಬ್ರೇಕು ಹಾಕಿದ. ಪಾಪ, ಹೊಂಗೆಯ ಮಾನ ಡೀಸೆಲ್ಲಿನ ಮಟ್ಟಕ್ಕೆ ಇಳಿಯಿತು.

ಮೂರನೆಯ ಸಲಕ್ಕೆ ಟ್ಯಾಂಕು ಬದಲಿಸಲು ಬಂದ ಮೆಕ್ಯಾನಿಕ್ ಮಲಂಗಸಾಬ ಯಾರೂ ಕರೆಯದಿದ್ದರೂ ಹತ್ತಿ ಕೂತ. ಕರಿದ ಎಣ್ಣೆಯ ಹೊಗೆ ಥೇಟು ಮಿರ್ಚಿ ಭಜಿಯ ಘಮ ಬಿಡುತ್ತಿತ್ತು. ಕಮಲಾಪುರದಲ್ಲಿ ಬಸ್ಸಿಗೆ ಕಾದಿದ್ದವರೆಲ್ಲ ಲಾರಿಯ ಹಿಂದೆ ಬಂದು, ಮೇಲೆ ಹೊದಿಸಿದ್ದ ತಾಡಪತ್ರಿ ಎತ್ತಿ ನೋಡಿ, ಕಲ್ಲು ಕಂಡು ಸಿಟ್ಟಾದರು. ಭಜಿ ಬಂಡಿಯ ಶೇವಂತಾ ಜಾಲರಿ ಸೌಟು ಹಿಡಿದು ಲಾರಿಗೆ ಅಡ್ಡ ನಿಂತಳು.

"ಬರೇ ವಾಸನಿ ತೋರ್ಸಿ ನನ್ನ ಗಿರಾಕಿ ಕರ್ಕೊಂಡು ಹೊಂಟೀಯಲ್ಲಪಾ, ನಿನಗ ಧರ್ಮ ಅದೇನು?"

ಮಾಸ್ತರರು ಅವಳ ಬಂಡಿಯ ಭಜಿಯನ್ನೆಲ್ಲ ಕೊಂಡು ಎಲ್ಲರಿಗೂ ಹಂಚಿದ ಮೇಲೆ ಗಲಾಟೆ ತಣ್ಣಗಾಯಿತು. ಒಬ್ಬ ಸೂಗಪ್ಪನ ಊರು ಯಾವುದೆಂದು ಕೇಳಿದ, ಇನ್ನೊಬ್ಬ ನೀರು ಕೊಟ್ಟ. ಇಷ್ಟು ಸುಖದ ಊಟ ಅವನು ಮಾಡಿ ಬಹಳ ದಿನವಾಗಿತ್ತು. ಹೋಗುವಾಗ ಈ ಎಣ್ಣೆಯೇ ಹೆಚ್ಚು ಖರ್ಚಾಗಿತ್ತು; ಹೀಗೇ ಸೋತು ಕೆಲಸ ಮುಗಿದರೆ ಇದೆಲ್ಲ ಮತ್ತೆಲ್ಲಿ? ಬರುವಾಗ ಇಳಿಜಾರಿನಲ್ಲೆಲ್ಲ ನ್ಯೂಟ್ರಲ್ ಮಾಡಿ, ಬಾಣಂತಿಯನ್ನು ಕರೆತರುವಷ್ಟು ಮೆತ್ತಗೆ ಲಾರಿ ತಂದ.

ಸಂಜೆ ಅಳೆದು ನೋಡಿದರೆ ಮೂರೂ ಎಣ್ಣೆ ಸರಿಸಮ. ಮಾಸ್ತರರು ತಲೆ ಕೆರೆದುಕೊಂಡರು. ಸೂಗಪ್ಪ ನಗು ನುಂಗಿಕೊಂಡು ನೆಲ ನೋಡುತ್ತ ನಿಂತ. ಕೆಲಸ ಕೆಟ್ಟದ್ದು ಮಲಂಗಸಾಬನಿಂದ.

"ತಪ್ಪು ಎಣ್ಣೀದಲ್ರೀ ಸರ್. ಈ ಸೂಗಪ್ಪ ಮಾತಿಗಿ ಹತ್ತಿದ್ರ ಗೇರ್ ಯಾವ್ದು, ಬ್ರೇಕ್ ಯಾವ್ದು, ಖಬರೇ ಇರಂಗಿಲ್ಲ."

ಮಾಸ್ತರರಿಗೆ ಅದು ಪಟ್ಟನೆ ಹಿಡಿಸಿತು.

"ಖರೇ ಅದ. ಸೋಮವಾರದಿಂದ ಒಂದು ತಿಂಗಳು ದಿನಾ ಟೆಸ್ಟ್ ಮಾಡೋಣು, ಸೂಗಪ್ಪ. ಆದ್ರ ಕ್ಯಾಬಿನ್ನಾಗ ನೀವೊಬ್ರೇ ಇರಬೇಕು. ನಾವು ಹಿಂದ ಜೀಪಿನಾಗ ಬರ್ತೀವಿ."

ಸೋಮವಾರ ಸೂಗಪ್ಪ ಕಮಲಾಪುರದ ದಾರಿ ಹಿಡಿದಾಗ ಪಕ್ಕದ ಸೀಟು ಖಾಲಿಯಿತ್ತು. ಕನ್ನಡಿಯಲ್ಲಿ ಹಿಂದಿನ ಜೀಪು ಕಾಣುತ್ತಿತ್ತು. ಮಲಂಗಸಾಬ ಕೈ ಕುಣಿಸುತ್ತ ಏನೋ ಹೇಳುತ್ತಿದ್ದ, ಮಾಸ್ತರರು ಹೊಟ್ಟೆ ಹಿಡಿದು ನಗುತ್ತಿದ್ದರು. ಏನು ಹೇಳಿದನೆಂದು ಕೇಳೋಣವೆಂದರೆ ಲಾರಿ ನಿಲ್ಲಿಸುವಂತಿಲ್ಲ. ತಾನೇ ಪಾಡುಪಟ್ಟು ಗಳಿಸಿದ ತಿಂಗಳು, ಪೂರ್ತಿ ಬಾಕಿ ಇತ್ತು.