ವೆಬ್‌ಸೈಟಿಗೆ ಅಳತೆ

ಒಬ್ಬರ ಹೆಸರು ಬಿಟ್ಟುಹೋಯಿತು ಎಂಬ ಆರೋಪದಷ್ಟು ಭಯಂಕರವಾದದ್ದು ಈ ಲೋಕದಲ್ಲಿ ಇನ್ನೊಂದಿಲ್ಲ. ಕೊಲೆ ಮಾಡಿದವನಿಗಾದರೂ ಒಬ್ಬ ವಕೀಲ ಸಿಗುತ್ತಾನೆ; ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟವನ ಪರವಾಗಿ ಯಾರೂ ನಿಲ್ಲುವುದಿಲ್ಲ. ನನ್ನ ಮದುವೆಯ ಪತ್ರಿಕೆಯಲ್ಲಿ ನರೇಗಲ್ಲಿನ ದೊಡ್ಡಪ್ಪನ ಹೆಸರು ತಪ್ಪಿತ್ತು. ಅವರು ಬಂದರು, ಅಕ್ಕಿಕಾಳು ಹಾಕಿದರು, ಮೂರು ಸಲ ಹೋಳಿಗೆ ಹಾಕಿಸಿಕೊಂಡರು, ಕೈ ತೊಳೆದು "ನಾ ಬಂದೇ ಇಲ್ಲ ಅಂತ ತಿಳೀರಿ" ಎಂದು ಹೇಳಿ ಹೋದರು. ಆ ಮಾತು ನನ್ನೊಳಗೆ ಎಲ್ಲೋ ಗಟ್ಟಿಯಾಗಿ ಕೂತುಬಿಟ್ಟಿತು. ಗಜೇಂದ್ರಗಡದ ಕಾಲೇಜೊಂದರಲ್ಲಿ ಗುಮಾಸ್ತೆಯಾಗಿ ಸೇರಿದಂದಿನಿಂದ ನೋಟೀಸು ಬರೆಯುವುದು, ಬಂದ ಪತ್ರ ಹೋದ ಪತ್ರ ದಾಖಲಿಸುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಹೇಳಬೇಕಾದ ವಿಷಯವನ್ನು ಎಷ್ಟೋ ಸಲ ಬಿಟ್ಟಿರಬಹುದು. ಹೆಸರನ್ನು ಮಾತ್ರ ಬಿಟ್ಟವಳಲ್ಲ.

ಕಾಲೇಜಿಗೆ ಇಂಟರ್ನೆಟ್ ಬಂದ ಹೊಸತು. ವಿದ್ಯಾರ್ಥಿ ಸಂಘಕ್ಕೊಂದು ವೆಬ್‌ಸೈಟ್ ಆಗಬೇಕೆಂದು ಪ್ರಾಚಾರ್ಯರಿಗೆ ಅನಿಸಿತು. ಅದರಲ್ಲಿ ಏನೇನಿರಬೇಕು ಎಂದು ಯೋಜಿಸುವ ಕೆಲಸ ನನಗೆ ಬಂತು. ಕಾರಣ, "ನಿಮ್ಮ ಅಕ್ಷರ ಚಲೋ ಅದಾವ." ಅಲ್ಲಿ ಅಕ್ಷರವನ್ನು ಕಂಪ್ಯೂಟರೇ ಬರೆಯುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನಾನೂ ಹೊಳೆಸಲು ಹೋಗಲಿಲ್ಲ. ಕಂಪ್ಯೂಟರ್ ಮಾಸ್ತರರು ಒಂದು ಖಾಲಿ ಪುಟ ತೆರೆದು ತೋರಿಸಿದರು.

"ಇಲ್ಲಿ ಬರದಿದ್ದು ರೋಣದಾಗೂ ಕಾಣತೈತ್ರಿ, ನರಗುಂದದಾಗೂ ಕಾಣತೈತ್ರಿ" ಅಂದರು.

"ಅಲ್ಲಿ ಯಾರು ಒಯ್ದು ಹಚ್ಚತಾರ್ರಿ?"

"ಯಾರೂ ಒಯ್ಯೂದಿಲ್ರಿ. ತಾನ ಹೋಗತೈತಿ."

ಅಂಟಿನ ಡಬ್ಬಿ ಬೇಡ, ಸಿಪಾಯಿ ಬೇಡ, ಬಸ್ಸು ಬೇಡ. ನಾನು ಸೆರಗಿಗೆ ಕೈ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಗರ್ಭಗುಡಿಯ ಮುಂದೆ ನಿಲ್ಲುವ ದೂರ ಅದು.

ಸಂಘದ ಕಾರ್ಯದರ್ಶಿ ರೇಷ್ಮಾ ಎಂಬ ಹುಡುಗಿ, ಬಿ.ಎ. ಕೊನೆಯ ವರ್ಷ. ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ಇಮಾಮಸಾಬಣ್ಣನ ಮಗಳು. ನಾನು ಹೆಸರುಗಳ ಪಟ್ಟಿ ಮಾಡಲು ಹಾಳೆಗೆ ಗೆರೆ ಎಳೆಯುತ್ತಿದ್ದರೆ ಅವಳು ಕೇಳಿದ್ದು ಒಂದೇ ಮಾತು: "ಅಕ್ಕಾರ, ಇದನ್ನ ನೋಡಾವ್ರು ಯಾರ್ರಿ?" ಅಷ್ಟು ವರ್ಷ ನೋಟೀಸು ಬರೆದವಳಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಸಹಿ ಮಾಡುವವರು ನೋಡುತ್ತಾರೆ ಎಂದೇ ತಿಳಿದಿದ್ದೆ.

ಅವಳು ಒಂದು ವಾರ ನೋಟೀಸು ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ವಹಿ ಹಿಡಿದು ಕೂತಳು. ಬಂದವರನ್ನೆಲ್ಲ "ಏನ್ ನೋಡಾಕ ಬಂದಿ?" ಎಂದು ಕೇಳಿ ಬರೆದುಕೊಂಡಳು. ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ ಯಾವುದು, ವೇಳಾಪಟ್ಟಿ ಬಂತೇ, ವಿದ್ಯಾರ್ಥಿವೇತನದ ಯಾದಿಯಲ್ಲಿ ಹೆಸರಿದೆಯೇ. ಇಷ್ಟೇ. ಪುರ್ತಗೇರಿಯ ಹುಡುಗನೊಬ್ಬ ಆ ಯಾದಿಯೊಂದನ್ನು ನೋಡಲು ಸೈಕಲ್ ತುಳಿದುಕೊಂಡು ಮೂರು ದಿನ ಬಂದಿದ್ದ. ಸಂಘದ ಧ್ಯೇಯೋದ್ದೇಶ ಓದಲು ಬಂದವರು ಒಬ್ಬರೂ ಇರಲಿಲ್ಲ. ಅದನ್ನು ಬರೆದವಳು ನಾನು.

ರೇಷ್ಮಾಳ ಮನಸ್ಸಿನಲ್ಲಿದ್ದದ್ದು ಗಂಗವ್ವ. ಮೆಣಸಗಿಯವಳು, ಅವಳ ಜೋಡಿ ಓದುತ್ತಿದ್ದವಳು. ಹಿಂದಿನ ವರ್ಷ ಕೊನೆಯ ದಿನದ ಸುದ್ದಿ ತಿಳಿಯದೆ ಪರೀಕ್ಷೆ ಕಳೆದುಕೊಂಡಿದ್ದಳು. ಈ ಸಲವೂ ತಪ್ಪಿದರೆ ಓದು ಸಾಕು ಎಂದು ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಪಾಠಗಳು ಮುಗಿದು ಎಲ್ಲರೂ ಊರು ಸೇರುವ ಹೊತ್ತಿಗೇ ಕೊನೆಯ ದಿನ ತಿಳಿಸುವ ವಿಶ್ವವಿದ್ಯಾಲಯದ ಪತ್ರ ಬರುವುದು ರೂಢಿ. ಗಂಗವ್ವ ವಾರಕ್ಕೊಮ್ಮೆ ಅವ್ವನ ಜೊತೆ ರೋಣದ ಸಂತೆಗೆ ಬರುತ್ತಾಳೆ. ಅಲ್ಲೊಂದು ಇಂಟರ್ನೆಟ್ ಅಂಗಡಿ ಇದೆ. ಪುಟ ತೆರೆದರೆ ಮೊದಲ ಸಾಲಿನಲ್ಲೇ ದಿನ ಕಾಣಬೇಕು. ಇದು ರೇಷ್ಮಾಳ ಲೆಕ್ಕ.

ಮರುದಿನ ಅವಳು ಅಪ್ಪನ ಅಂಗಡಿಯಿಂದ ಒಂದು ಖಾಕಿ ಕಾಗದ, ಒಂದು ಡಬ್ಬಿ ಟಾಚಣಿ, ಅಂದರೆ ಗುಂಡುಸೂಜಿ, ತಂದಳು. ಜಂಪರಿನ ಅಳತೆಗೆ ಕತ್ತರಿಸುತ್ತಾರಲ್ಲ, ಅಂಥ ಕಾಗದ. ಒಂದೊಂದು ವಿಷಯವನ್ನು ಒಂದೊಂದು ಚೂರಿನಲ್ಲಿ ಬರೆದು ಟಾಚಣಿಯಿಂದ ಚುಚ್ಚಿದಳು. ದಿನಾಂಕವನ್ನು ಅಂಕಿಯಲ್ಲೇ ಬರೆದಳು, ಏಕೆಂದರೆ ಬೇರೆ ಊರಿನ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಅಕ್ಷರ ಬರೀ ಚೌಕ ಚೌಕವಾಗಿ ಕಾಣುತ್ತದಂತೆ. ಆಮೇಲೆ ಹಾದುಹೋಗುವವರನ್ನು ಕರೆದು "ದಿನಾಂಕ ಎಲ್ಲೈತಿ, ಬಟ್ಟು ಇಡು" ಎನ್ನುವಳು. ಬೆರಳು ತಡಕಾಡಿದರೆ ಟಾಚಣಿ ಕಿತ್ತು ಚೂರನ್ನು ಮೇಲೆ ಸರಿಸುವಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಬೆಳಗಾದರೆ ಬಟ್ಟೆ ಕತ್ತರಿಸುವ ಮನೆಯಲ್ಲಿ ಬೆಳೆದ ಹುಡುಗಿ, ಕಂಪ್ಯೂಟರ್ ಮುಟ್ಟುವ ಮೊದಲೇ ಅದಕ್ಕೊಂದು ಅಂಗಿ ಹೊಲಿಯುತ್ತಿದ್ದಳು.

ಇಮಾಮಸಾಬಣ್ಣನ ಮುಂದೆ ಹೊಗಳಿದರೆ ಅವನು ಹಲ್ಲಿನಲ್ಲಿ ದಾರ ಕಡಿಯುತ್ತ, "ಮೈ ಅಳತಿ ತಗೊಳ್ಳದ ಅಂಗಿ ಹೊಲದ್ರ, ಗೂಟಕ್ಕ ಹಾಕಾಕ ಅಷ್ಟ ಚಲೋ ಆಕ್ಕೈತ್ರಿ ಅಕ್ಕಾರ" ಎಂದ. ಎಂಥ ಮಾತು! ಅದನ್ನು ಬರೆದಿಟ್ಟುಕೊಂಡೆ. ಬರೆದಿಟ್ಟುಕೊಂಡೂ ಮುಂದಿನ ಅನಾಹುತ ಮಾಡಿದೆ.

ಸುದ್ದಿ ಹಬ್ಬಿತು. ಒಬ್ಬೊಬ್ಬರೇ ನನ್ನ ಮೇಜಿಗೆ ಬರತೊಡಗಿದರು. ಆಡಳಿತ ಮಂಡಳಿಯವರ ಹೆಸರು ಬೇಕು. ಒಬ್ಬರದು ಹಾಕಿದರೆ ಎಲ್ಲರದೂ ಬೇಕು. ಸಂಘದ ಮಾಜಿ ಅಧ್ಯಕ್ಷರು, ಹಾಲಿ ಸಲಹೆಗಾರರು, ಕ್ರೀಡಾ ವಿಭಾಗ. ಪ್ರಾಚಾರ್ಯರು ಏನೂ ಕೇಳಲಿಲ್ಲ. ತಮ್ಮ ಒಂದು ದೊಡ್ಡ ಭಾವಚಿತ್ರವನ್ನು ಮೇಜಿನ ಮೇಲಿಟ್ಟು, "ಸುಮ್ನ ಇರ್ಲಿ, ನಿಮ್ಮ ಹತ್ರ" ಎಂದು ಹೋದರು. ನಾನೋ, ದೊಡ್ಡಪ್ಪನ ಹೋಳಿಗೆ ಕಂಡವಳು. ಎಲ್ಲವನ್ನೂ ಚುಚ್ಚಿಸಿದೆ, ಭಾವಚಿತ್ರವನ್ನು ಎಲ್ಲಕ್ಕಿಂತ ಮೇಲೆ. ದಿನಾಂಕದ ಚೂರು ಇಳಿಯುತ್ತ ಇಳಿಯುತ್ತ ಕಾಗದದ ಅಂಚು ಮುಟ್ಟಿತು. ರೇಷ್ಮಾ ಎದುರಾಡಲಿಲ್ಲ. ಖಾಲಿ ಡಬ್ಬಿ ತೋರಿಸಿ, "ಟಾಚಣಿ ತೀರಿದ್ವು, ಅಕ್ಕಾರ. ಮಂದಿ ತೀರಿದ್ರೇನು?" ಎಂದಳು, ಅಷ್ಟೇ. ಕಂಪ್ಯೂಟರ್ ಮಾಸ್ತರರು ಇದ್ದದ್ದನ್ನು ಇದ್ದಂತೆ ಏರಿಸಿದರು.

ಕೆಲವು ವಾರಗಳ ಮೇಲೆ ಪತ್ರ ಬಂತು. ಕೊನೆಯ ದಿನ ಇನ್ನೆರಡೇ ದಿನಕ್ಕೆ. ದಿನಾಂಕವನ್ನು ಅಂದೇ ಪುಟಕ್ಕೆ ಹಾಕಿಸಿದೆ. ಮರುದಿನ ರೋಣದ ಸಂತೆ. ಮಧ್ಯಾಹ್ನ ಕಚೇರಿಯ ಫೋನು ರಿಂಗಾಯಿತು. ಪ್ರಾಚಾರ್ಯರು ಸಹಿ ಹಾಕುತ್ತ ಪಕ್ಕದಲ್ಲೇ ನಿಂತಿದ್ದರು, ರೇಷ್ಮಾ ಬಾಗಿಲಲ್ಲಿದ್ದಳು. ಆ ಫೋನು ಎಷ್ಟು ಗಟ್ಟಿಯೆಂದರೆ ಆ ಕಡೆಯವರ ಮಾತು ಇಡೀ ಕೋಣೆಗೆ ಕೇಳುತ್ತಿತ್ತು.

"ಅಕ್ಕಾರ, ನಾ ಗಂಗವ್ವರಿ, ರೋಣದಿಂದ. ಕಂಪ್ಯೂಟರ್ ಮುಂದ ಕುಂತು ಭಾಳ ಹೊತ್ತಾತ್ರಿ. ದಿನಾಂಕ ಬರವಲ್ದು. ಯಾರದೋ ಮಾರಿ ಮ್ಯಾಲಿಂದ ಒಂದೊಂದ ಗೆರಿ ಇಳ್ಯಾಕತ್ತೈತ್ರಿ."

"ಯಾರದವ್ವಾ?" ಎಂದೆ. ಕೇಳಬಾರದಿತ್ತು.

"ಗೊತ್ತಿಲ್ರಿ, ಹಣಿ ಅಷ್ಟ ಬಂದೈತಿ. ಎಲ್ಲಾ ಹಣೀನ ಐತ್ರಿ, ಕೂದಲಾ ಇನ್ನೂ ಬಂದಿಲ್ಲ."

ರೇಷ್ಮಾ ಹೊರಕ್ಕೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು.

"ಅಂಗಡ್ಯಾವ್ರು ಬಾಗ್ಲಾ ಹಾಕತೀನಿ ಅನ್ನಾಕತ್ತಾರ್ರಿ" ಎಂದಿತು ಫೋನು. ಈಗ ಆ ದನಿಯಲ್ಲಿ ಅಳು ಇತ್ತು. "ಹುಬ್ಬು ಬಂತ್ರಿ... ಅವ್ವ ಬಸ್ಸಿಗೆ ಹೊಂಟಾಳ್ರಿ. ಇದು ಯಾವಾಗ ಮುಗಿಯೂದ್ರಿ?"

ಪ್ರಾಚಾರ್ಯರು ಪೆನ್ನು ಕೆಳಗಿಟ್ಟರು. ನನ್ನ ಕೈಯಿಂದ ಫೋನು ತೆಗೆದುಕೊಂಡರು. "ತಂಗಿ, ಕೂದಲಾ ಬರೂದಿಲ್ಲ, ಕಾಯಬ್ಯಾಡ. ನಾಳೆನ ಕೊನೀ ದಿನ. ಮುಂಜಾನಿ ಮೊದಲ್ನೇ ಬಸ್ಸಿಗೆ ಬಾ" ಎಂದರು. ಫೋನಿಟ್ಟು ರೇಷ್ಮಾಳನ್ನು ಕರೆದರು. "ಮೊದಲ ನೀ ಹ್ಯಾಂಗ ಚುಚ್ಚಿದ್ದಿ, ಹಂಗ ಮಾಡವ್ವಾ. ತಗ್ಯೂದು ನನ್ನ ಮಾರಿಯಿಂದನ ಸುರು ಮಾಡು."

ನಾನು ಅವರನ್ನು ಅಂದು ಕಂಡಷ್ಟು ಗೌರವದಿಂದ ಯಾವ ಸಮಾರಂಭದಲ್ಲೂ ಕಂಡಿಲ್ಲ. ಸಂಜೆಯ ಹೊತ್ತಿಗೆ ಪುಟದಲ್ಲಿ ನಾಲ್ಕೇ ಸಾಲು ಉಳಿದವು. ಒತ್ತಿದ ಕೂಡಲೇ ತೆರೆಯಿತು, ಕಣ್ಣು ಬಿಟ್ಟಷ್ಟು ಲಗೂ. ಹೆಸರು ಹೋಯಿತೆಂದು ಯಾರೂ ಬಂದು ಜಗಳವಾಡಲಿಲ್ಲ. ಬಹುಶಃ ಅವರ್ಯಾರೂ ಅದನ್ನು ತೆರೆದೇ ನೋಡಿರಲಿಲ್ಲ.

ಮರುದಿನ ಗಂಗವ್ವ ಬಂದಳು, ಅರ್ಜಿ ತುಂಬಿದಳು. ನಾನು ಶಿಕ್ಕಾ ಒತ್ತಿ ರಸೀದಿ ಹರಿದುಕೊಟ್ಟಾಗ ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸಿದಳು. ರೇಷ್ಮಾ ಅವಳನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದು ಹೊಸ ಪುಟ ತೋರಿಸಿದಳು. ಗಂಗವ್ವ ಅದನ್ನು ಮೂರು ಸಲ ಮುಚ್ಚಿಸಿ ಮೂರು ಸಲ ತೆರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದರ ಆಲೋಚನಿ ಮಾಡಿದಾಕಿ ರೇಷ್ಮಾ. ಏರಿಸಿದಾವ್ರು ಮಾಸ್ತರು. ಮಾರಿ ತಗಸಿದಾವ್ರು ದೊಡ್ಡ ಸರ್ರು. ನೀವೇನ್ ಮಾಡಿದ್ರಿ ಅಕ್ಕಾರ?"

ಕುಹಕವಿಲ್ಲದ, ನಿಜವಾಗಿ ತಿಳಿಯಬೇಕೆಂಬ ಪ್ರಶ್ನೆ.

"ಫೋನ್ ಎತ್ತಿದ್ನವ್ವಾ" ಎಂದೆ.